ಕೆರೆ ಏರಿಯ ಮೇಲೆ ಸಮಾಜ ಪಾಠ

ತುಮಕೂರು
ಜೂನ್ ಮೊದಲ ವಾರ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಕ್ಷೇಮಕ್ಕೆ ಆಗಾಗ ಬರೆಯುತ್ತಿರು.

ತರುವಾಯ, ಕೋಲಾರ ಜಿಲ್ಲೆಯ ಪ್ರೌಢಶಾಲೆಗೆ ಸಮಾಜ ವಿಜ್ಞಾನದ ಶಿಕ್ಷಕಿಯಾಗಿ ನಿನಗೆ ಆದೇಶ ಬಂದಿರುವುದನ್ನು ನಿನ್ನ ಅಪ್ಪ ಫೋನಿನಲ್ಲಿ ಹೇಳಿದ. ನಿನ್ನ ದೊಡ್ಡಮ್ಮ ಕೂಡಲೇ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಆದರೆ ನಿನ್ನ ಅಪ್ಪ ಅದರ ಜೊತೆಗೇ ಇನ್ನೊಂದು ಮಾತು ಸೇರಿಸಿದ: ‘ಗಣಿತವೋ ವಿಜ್ಞಾನವೋ ಆಗಿದ್ದರೆ ಚೆನ್ನಾಗಿತ್ತು. ಸಮಾಜ ಏನಿದೆ, ಓದಿ ಹೇಳಿದರೆ ಮುಗಿಯಿತು.’ ಮೂವತ್ತೊಂದು ವರ್ಷ ಅದೇ ವಿಷಯ ಕಲಿಸಿದವನು ನಾನು. ಆ ಮಾತು ಎದೆಗೆ ನಾಟಿತು. ಅವನ ಮೇಲೆ ಕೋಪವಿಲ್ಲ, ಊರೆಲ್ಲ ಹಾಗೆಯೇ ಹೇಳುತ್ತದೆ. ನೀನು ಮಾತ್ರ ಆ ಮಾತನ್ನು ತಲೆಯಲ್ಲಿಟ್ಟುಕೊಂಡು ತರಗತಿಯ ಹೊಸ್ತಿಲು ದಾಟಬಾರದು. ಅದಕ್ಕೇ ಈ ಕಾಗದ.

ನಾನು ಓದುವಾಗ ಹಳೆಯ ಮೇಷ್ಟರುಗಳ ಬಾಯಲ್ಲಿ ಚರಿತ್ರೆ, ಭೂಗೋಳ, ಪೌರನೀತಿ ಎಂದು ಬೇರೆ ಬೇರೆಯೇ ಇದ್ದವು. ಅವುಗಳನ್ನು ಬಿಡಿಬಿಡಿಯಾಗಿ ಕಲಿಸದೆ ಸಮಾಜ ಅಧ್ಯಯನವೆಂದು ಒಟ್ಟಾಗಿ ಕಲಿಸಬೇಕೆಂದು ಪ್ರೌಢಶಿಕ್ಷಣದ ಸುಧಾರಣೆಗೆ ನೇಮಿಸಿದ 1952-53ರ ಮುದಲಿಯಾರ್ ಆಯೋಗ ಹೇಳಿತು. ಈಗ ನಿನ್ನ ಕೈಗೆ ಬರುವ ಎಂಟರಿಂದ ಹತ್ತನೆಯ ತರಗತಿಯ ಪುಸ್ತಕದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂದು ಆರು ಭಾಗಗಳಿವೆ. ರಟ್ಟು ಒಂದೇ ಆದರೂ ಒಳಗೆ ಆರೂ ಬೇರೆ ಬೇರೆ. ಆರನ್ನೂ ಒಂದು ದಾರಕ್ಕೆ ಪೋಣಿಸುವ ಕೆಲಸವನ್ನು ಪುಸ್ತಕ ನಿನಗೇ ಬಿಟ್ಟಿದೆ. ನಾನು ಮೊದಲ ಹತ್ತು ವರ್ಷ ಅದನ್ನು ಮಾಡಲಿಲ್ಲ. ಇತಿಹಾಸ ಮುಗಿಸಿ ರಾಜ್ಯಶಾಸ್ತ್ರಕ್ಕೆ, ಅದನ್ನು ಮುಗಿಸಿ ಮುಂದಕ್ಕೆ ಹೋಗುತ್ತಿದ್ದೆ. ಪೋಣಿಸುವುದನ್ನು ನನಗೆ ಕಲಿಸಿದ್ದು ಒಂದು ಕೆರೆ, ಮತ್ತು ಕೊನೆಯ ಬೆಂಚಿನ ಒಬ್ಬ ಹುಡುಗ.

ಒಂಬತ್ತನೆಯ ತರಗತಿಯವರನ್ನು ಒಂದು ಶನಿವಾರ ಬೆಳಗ್ಗೆ ಕೆರೆ ಏರಿಯ ಮೇಲೆ ಕರೆದುಕೊಂಡು ಹೋಗಿದ್ದೆ. ಶಾಸನದ ಕಲ್ಲೊಂದನ್ನು ತೋರಿಸುವುದಷ್ಟೇ ನನ್ನ ಉದ್ದೇಶವಾಗಿತ್ತು. ತೂಬಿನ ಹತ್ತಿರ ನಿಂತಾಗ, ವರ್ಷವಿಡೀ ಬಾಯಿ ಬಿಡದ ಆ ಹುಡುಗ ತಾನಾಗಿಯೇ ಮುಂದೆ ಬಂದ. ಅವನ ಅಪ್ಪ ಆ ಕೆರೆಯ ನೀರಗಂಟಿ, ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವವನು. ತೂಬಿನ ಎರಡು ಕಲ್ಲುಕಂಬಗಳ ನಡುವೆ ಕೈಯಿಟ್ಟು ತೋರಿಸುತ್ತಾ ಹೇಳಿದ: ‘ಸಾರ್, ತೂಬು ಎತ್ತಿದ ದಿನ ನೀರು ಮೊದಲು ಕೊನೆಯ ಗದ್ದೆಗೆ ಹೋಗಬೇಕು. ಮೇಲಿನವರಿಗೆ ಆಮೇಲೆ. ಕೆರೆ ಅರ್ಧ ತುಂಬಿದ ವರ್ಷ ಎಲ್ಲರೂ ಭತ್ತ ಹಾಕುವ ಹಾಗಿಲ್ಲ, ಎಷ್ಟು ಗದ್ದೆ ಎಂದು ಊರವರು ಕೂತು ಹೇಳುತ್ತಾರೆ. ಸುಗ್ಗಿಯಲ್ಲಿ ಪ್ರತಿಯೊಬ್ಬರೂ ಅಪ್ಪನಿಗೆ ಭತ್ತ ಅಳೆಯಬೇಕು. ಈ ಸಲ ಎರಡು ಮನೆಯವರು ಅಳೆಯಲಿಲ್ಲ.’ ಕೊನೆಯ ವಾಕ್ಯವನ್ನು ತಲೆ ತಗ್ಗಿಸಿ ಹೇಳಿದ.

ಪುಟ್ಟಿ, ಆ ನಾಲ್ಕು ಮಾತುಗಳಲ್ಲಿ ಏನಿಲ್ಲ ಹೇಳು. ನೀರು ಹರಿಯುವ ಇಳಿಜಾರು ಭೂಗೋಳ. ಊರವರು ಕೂತು ತೀರ್ಮಾನಿಸುವುದು ರಾಜ್ಯಶಾಸ್ತ್ರ. ಕಡಿಮೆ ನೀರನ್ನು ಹಂಚಿಕೊಳ್ಳುವುದು ಅರ್ಥಶಾಸ್ತ್ರ. ಕೂಲಿಗೆ ಬದಲು ಕೊಡುವ ಭತ್ತ ವ್ಯವಹಾರ. ಎರಡು ಮನೆಯವರು ಯಾಕೆ ಅಳೆಯಲಿಲ್ಲ, ನೀರಗಂಟಿ ಅವರ ಬಾಗಿಲಿಗೆ ಹೋಗಿ ಕೇಳಬಲ್ಲನೇ, ಕೇಳಿದರೆ ಎಲ್ಲಿಯವರೆಗೆ ಒಳಗೆ ಹೋಗಬಲ್ಲ ಎಂಬುದು ಸಮಾಜಶಾಸ್ತ್ರ. ಆ ಹುಡುಗನಿಗೆ ಇಷ್ಟೂ ಗೊತ್ತಿತ್ತು. ಅವನಿಗೆ ಗೊತ್ತಿರುವುದು ಸಮಾಜ ವಿಜ್ಞಾನವೆಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಕಿರುಪರೀಕ್ಷೆಯಲ್ಲಿ ಅವನಿಗೆ 25ಕ್ಕೆ 6 ಅಂಕ ಕೊಟ್ಟಿದ್ದೆ.

ನಿನ್ನ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಅದಕ್ಕೇ ಹಿಂದಿನವರು ತಗ್ಗು ಕಂಡಲ್ಲೆಲ್ಲ ಏರಿ ಕಟ್ಟಿ, ಮೇಲಿನದು ಕೋಡಿ ಬಿದ್ದರೆ ಕೆಳಗಿನದು ತುಂಬುವಂತೆ ಕೆರೆಗಳನ್ನು ಸಾಲಾಗಿ ಹೆಣೆದರು. ಕೆರೆ ಕಟ್ಟಿದವರಿಗೆ ಬಿಟ್ಟುಕೊಟ್ಟ ಭೂಮಿಯನ್ನು ಶಾಸನಗಳು ಕಟ್ಟುಕೊಡಗೆ ಎನ್ನುತ್ತವೆ. ಬಿ.ಎಲ್. ರೈಸ್ ಅವರು ಸಂಗ್ರಹಿಸಿದ ಶಾಸನಗಳ ಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ 10ನೆಯ ಸಂಪುಟ ಕೋಲಾರ ಜಿಲ್ಲೆಯದೇ, 1905ರಲ್ಲಿ ಬಂದದ್ದು. ತಾಲ್ಲೂಕುವಾರು ಜೋಡಿಸಿದ್ದಾರೆ. ನಿನ್ನ ಶಾಲೆಯ ಸುತ್ತಲಿನ ಹಳ್ಳಿಗಳ ಹೆಸರು ಅದರಲ್ಲಿ ಹುಡುಕು. ಸಿಕ್ಕಿದರೆ ಆ ಕಲ್ಲನ್ನು ಹುಡುಕಲು ಮಕ್ಕಳನ್ನೇ ಬಿಡು. ಯಾರದೋ ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲಾಗಿದ್ದರೂ ಆಶ್ಚರ್ಯವಿಲ್ಲ.

ಕೆರೆಯ ಪಾಠಕ್ಕೆ ಇನ್ನೊಂದು ಶಾಸನವನ್ನು ಗುರುತು ಹಾಕಿಕೋ. ಕಡಪ ಜಿಲ್ಲೆಯ ಪೊರುಮಾಮಿಳ್ಳದಲ್ಲಿ ವಿಜಯನಗರದ ಮೊದಲನೆಯ ಬುಕ್ಕನ ಮಗ ಭಾಸ್ಕರ ಕಟ್ಟಿಸಿದ ಕೆರೆಯ ಶಾಸನ ಅದು, ಕಾಲ 1369. ದಿನಕ್ಕೆ ಸಾವಿರ ಆಳು, ನೂರು ಗಾಡಿ, ಎರಡು ವರ್ಷದ ಕೆಲಸ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಯ ಆರು ದೋಷಗಳನ್ನೂ ಅದು ಹೇಳುತ್ತದೆ. ಏರಿಯಿಂದ ನೀರು ಒಸರುವುದು ದೋಷ, ಚೌಳು ಮಣ್ಣು ದೋಷ, ಕೆರೆಯ ನಡುವೆ ದಿಬ್ಬವಿರುವುದು ದೋಷ. ಇವೆಲ್ಲ ಮಣ್ಣು ಬಲ್ಲ ಯಾವ ರೈತನೂ ಹೇಳುವ ಮಾತು. ಆದರೆ ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ಒಂದು ದೋಷ ಎನ್ನುತ್ತದೆ ಶಾಸನ. ಇದನ್ನು ಮಕ್ಕಳಿಗೆ ಓದಿ ಹೇಳಿ, ‘ಯಾಕಿರಬಹುದು?’ ಎಂದು ಕೇಳಿ ಸುಮ್ಮನೆ ನಿಲ್ಲು. ಉತ್ತರ ಬರುವವರೆಗೂ ಕಾಯಬೇಕು. ಆಮೇಲೆ 1892ರ ಮೈಸೂರು-ಮದ್ರಾಸು ಒಪ್ಪಂದಕ್ಕೆ ಬಾ. ಕಾವೇರಿಯ ವಿಷಯದಲ್ಲಿ ಎಲ್ಲರೂ ಅದನ್ನು ಕೇಳಿದ್ದಾರೆ. ಕೋಲಾರದ ಪಾಲಾರ್ ಕೂಡ ಆ ಒಪ್ಪಂದದ ನದಿಗಳ ಪಟ್ಟಿಯಲ್ಲಿತ್ತು. ಮದ್ರಾಸಿನ ಒಪ್ಪಿಗೆಯಿಲ್ಲದೆ ಆ ನದಿಗಳಿಗೆ ಮೈಸೂರು ಹೊಸ ಅಣೆಕಟ್ಟು ಕಟ್ಟುವ ಹಾಗಿರಲಿಲ್ಲ. ಐದು ನೂರು ವರ್ಷ ಹಿಂದಿನ ಕಲ್ಲಿನ ಮಾತು ಎಲ್ಲಿಗೆ ಬಂದು ಸೇರಿತೆಂದು ಮಕ್ಕಳಿಗೆ ಆಗ ತಾನಾಗಿಯೇ ಹೊಳೆಯುತ್ತದೆ.

ಅಲ್ಲಿಗೂ ನಿಲ್ಲಿಸಬೇಡ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಿಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಒಣಗಿದ ಕೆರೆಗೆ ನೀರು ಬಂತು ಎಂದು ಸಂತೋಷಪಟ್ಟ ರೈತರಿದ್ದಾರೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಎಂದು ಹೋರಾಡಿದವರೂ ಇದ್ದಾರೆ. ಇದರಲ್ಲಿ ಯಾರು ಸರಿ ಎಂದು ನೀನು ತರಗತಿಯಲ್ಲಿ ತೀರ್ಪು ಕೊಡಬೇಡ. ಮಕ್ಕಳೇ ಇಬ್ಬರನ್ನೂ ಮಾತಾಡಿಸಿ ಬರೆದುಕೊಂಡು ಬರಲಿ. ಊರ ಕೆರೆ ಯಾರ ಸುಪರ್ದಿಯಲ್ಲಿದೆ ಎಂಬುದನ್ನೂ ಪಂಚಾಯಿತಿಯಲ್ಲಿ ಕೇಳಿ ಬರಲಿ. ಅಚ್ಚುಕಟ್ಟು, ಅಂದರೆ ಕೆರೆಯ ನೀರು ಉಣ್ಣುವ ಭೂಮಿ, 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆಯದು, ಕಡಿಮೆಯಿದ್ದರೆ ಪಂಚಾಯತಿ ವ್ಯವಸ್ಥೆಯದು. ಹೂಳು ಎತ್ತಲು ಅರ್ಜಿ ಯಾರಿಗೆ ಕೊಡಬೇಕೆಂದು ಗೊತ್ತಾದ ಹುಡುಗಿಗೆ ಸ್ಥಳೀಯ ಸರ್ಕಾರದ ಪಾಠ ಅರ್ಧ ಮುಗಿದ ಹಾಗೆ. ಮಕ್ಕಳ ಗ್ರಾಮಸಭೆ ನಡೆಯುವ ದಿನ ಆ ಅರ್ಜಿಯನ್ನು ಅವಳೇ ಓದಲಿ.

ಇನ್ನು ಕಲಿಕೆಯ ವಲಯಗಳ ಮಾತು. ಬಿ.ಇಡಿ.ಯಲ್ಲಿ ಜ್ಞಾನಾತ್ಮಕ, ಭಾವನಾತ್ಮಕ, ಕ್ರಿಯಾತ್ಮಕ ಎಂದು ಬರೆದು ಅಂಕ ತೆಗೆದುಕೊಂಡಿರುತ್ತೀಯೆ. ಪ್ರಶ್ನೆಪತ್ರಿಕೆಯ ನೀಲನಕ್ಷೆ ಹಾಕುವಾಗ ಜ್ಞಾನ, ತಿಳುವಳಿಕೆ, ಅನ್ವಯ, ಕೌಶಲ ಎಂದು ಅಂಕ ಹಂಚುತ್ತೀಯೆ. ಇವುಗಳಲ್ಲಿ ಜ್ಞಾನಕ್ಕೆ ನೀನು ಹೆಚ್ಚು ಕಷ್ಟಪಡಬೇಕಾಗಿಲ್ಲ, ಇಸವಿ ಹೆಸರುಗಳನ್ನು ಮಕ್ಕಳು ಹೇಗೋ ಕಲಿಯುತ್ತಾರೆ. ಕೌಶಲವನ್ನು ಕಡೆಗಣಿಸಬೇಡ. ಭಾರತದ ನಕ್ಷೆಯನ್ನು ನೂರು ಸಲ ಬರೆಸಿ ಕೈ ಪಳಗಿಸಿದರೆ ಪರೀಕ್ಷೆಯ ಅಂಕ ಬರುತ್ತದೆ, ನಕ್ಷೆ ಓದಲು ಬರುವುದಿಲ್ಲ. ಶಾಲೆಯ ಗೇಟಿನಿಂದ ಕೆರೆಯವರೆಗೆ ಹೆಜ್ಜೆ ಎಣಿಸಿ ತಾವೇ ನಕ್ಷೆ ಬರೆಯಲಿ. ಆಮೇಲೆ ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ಹಾಳೆಯನ್ನು ನೆಲದ ಮೇಲೆ ಹಾಸು. ಅದರಲ್ಲಿ 2 ಸೆಂಟಿಮೀಟರ್ ಎಂದರೆ 1 ಕಿಲೋಮೀಟರ್. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತಿ ರೇಖೆಗಳ ನಡುವೆ ತಮ್ಮ ಊರನ್ನೂ ಕೆರೆಯನ್ನೂ ಬೆರಳಿಟ್ಟು ಕಂಡುಹಿಡಿದಾಗ ಮಕ್ಕಳು ಕೂಗುವ ಕೂಗು ಪಕ್ಕದ ತರಗತಿಗೂ ಕೇಳಿಸುತ್ತದೆ. ಕೂಗಲಿ ಬಿಡು.

ಭಾವನೆಯ ವಲಯದ ವಿಷಯ ಬರೆಯಲು ಕೈ ಹಿಂಜರಿಯುತ್ತದೆ, ಆದರೂ ನಿನಗೆ ಹೇಳಲೇಬೇಕು. ಸಾಮಾಜಿಕ ಸಮಸ್ಯೆಗಳ ಪಾಠದ ದಿನ, ಪಾಠ ಜೀವಂತವಾಗಲಿ ಎಂದುಕೊಂಡು, ‘ನಿಮ್ಮ ನಿಮ್ಮ ಮನೆತನದ ಕಸುಬು ಏನು, ಒಬ್ಬೊಬ್ಬರಾಗಿ ಎದ್ದು ಹೇಳಿ’ ಎಂದೆ. ಮೂರನೆಯ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು, ಮಾತಾಡಲಿಲ್ಲ. ಲಂಗದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತೇ ಇದ್ದಳು. ಹಿಂದಿನಿಂದ ಯಾರೋ ಅವಳ ಪರವಾಗಿ ಉತ್ತರ ಹೇಳಿದರು, ನಾಲ್ಕು ಮಂದಿ ನಕ್ಕರು. ನಾನು ನಕ್ಕವರನ್ನು ಗದರಿಸಿ ಪಾಠ ಮುಂದುವರಿಸಿದೆ. ಮರುದಿನದಿಂದ ಅವಳು ಬರಲಿಲ್ಲ. ನಾಲ್ಕನೆಯ ದಿನ ಅವಳ ಮನೆಗೆ ಹೋದೆ. ಅವಳ ತಾಯಿ ನನ್ನನ್ನು ಜಗುಲಿಯ ಮೇಲೆ ಕೂರಿಸಿ, ‘ಇವಳಿಗೆ ಪಾಠ ಬರುವುದಿಲ್ಲವಾ ಮೇಷ್ಟ್ರೇ?’ ಎಂದು ಕೇಳಿದಳು. ಪಾಠ ಬಾರದಿದ್ದುದು ನನಗೆ ಎಂದು ಹೇಳಿ ಕ್ಷಮೆ ಕೇಳಿದೆ. ಹುಡುಗಿ ಮತ್ತೆ ಶಾಲೆಗೆ ಬಂದಳು. ಆದರೆ ನನ್ನ ತರಗತಿಯಲ್ಲಿ ಮುಂಚಿನ ಹಾಗೆ ಕೈ ಎತ್ತಲಿಲ್ಲ, ಹತ್ತನೆಯದು ಮುಗಿಯುವವರೆಗೂ.

ಈಗ ಬೆಳಗಿನ ಪ್ರಾರ್ಥನೆಯಲ್ಲಿ ಸಂವಿಧಾನದ ಪೀಠಿಕೆ ಓದಿಸುತ್ತಾರೆ. ಸಮಾನತೆ, ಭ್ರಾತೃತ್ವ ಎಂಬ ಮಾತುಗಳನ್ನು ಮಕ್ಕಳು ಗಟ್ಟಿಯಾಗಿ ಹೇಳುತ್ತಾರೆ. ನೀನು ಮಧ್ಯಾಹ್ನದ ಬಿಸಿಯೂಟದ ಸಾಲನ್ನು ನೋಡು. ಯಾರು ಯಾರ ಪಕ್ಕ ಕೂರುತ್ತಾರೆ, ಯಾರು ತಟ್ಟೆ ಹಿಡಿದು ಕಂಬದ ಹಿಂದೆ ಹೋಗುತ್ತಾರೆ ಎಂದು ಗಮನಿಸು. ಭಾಷಣ ಮಾಡಬೇಡ. ನಿನ್ನ ತಟ್ಟೆಯನ್ನೂ ತೆಗೆದುಕೊಂಡು ಹೋಗಿ ಅಲ್ಲಿ ಕೂರು. ಅಸ್ಪೃಶ್ಯತೆಯನ್ನು ನಿಷೇಧಿಸುವ ಹದಿನೇಳನೆಯ ವಿಧಿಯನ್ನು ಆಮೇಲೆ ಕಲಿಸು. ಹಾಗೆಯೇ, ಬಾಲ್ಯವಿವಾಹದ ಪಾಠ ಮಾಡುವಾಗ ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆದು, ಅಳಿಸದೆ ಬಿಡು. ಯಾರಿಗೆ ಬೇಕಾಗುತ್ತದೆಂದು ನಿನಗೆ ತಿಳಿಯದಿರಬಹುದು.

ಚರಿತ್ರೆ ಈಗ ಮಕ್ಕಳಿಗೆ ಮೊಬೈಲಿನಲ್ಲಿ ಬರುತ್ತದೆ. ಆ ರಾಜ ಹೀಗೆ ಮಾಡಿದನಂತೆ, ಈ ರಾಜ ಹಾಗೆ ಮಾಡಿದನಂತೆ ಎಂದು ಕೇಳುತ್ತಾರೆ. ಸುಳ್ಳು ಎಂದು ಬಾಯಿ ಮುಚ್ಚಿಸಬೇಡ. ಯಾರು ಹೇಳಿದ್ದು, ಯಾವಾಗ ಬರೆದದ್ದು, ಎಲ್ಲಿ ಆಧಾರ ಎಂಬ ಮೂರು ಪ್ರಶ್ನೆ ಕೇಳುವ ರೂಢಿ ಮಾಡಿಸು. ಅದಕ್ಕೆ ಆತಕೂರಿನ ಕಲ್ಲು ಒಳ್ಳೆಯದು. ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಮೆಚ್ಚಿ ಕೊಟ್ಟ ಕಾಳಿ ಎಂಬ ನಾಯಿ ಹಂದಿಯ ಜೊತೆ ಹೋರಾಡಿ ಸತ್ತಿತೆಂದು ನಿಲ್ಲಿಸಿದ ಕಲ್ಲು ಅದು. ಮಂಡ್ಯ ಜಿಲ್ಲೆಯದು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ಕಲ್ಲೇ ತಕ್ಕೋಲದಲ್ಲಿ ರಾಷ್ಟ್ರಕೂಟರು ಚೋಳರನ್ನು ಗೆದ್ದ ಯುದ್ಧವನ್ನೂ ಹೇಳುತ್ತದೆ. ನಾಯಿಯ ಕಥೆಗೆ ಕಿವಿ ಕೊಟ್ಟ ಮಕ್ಕಳು ಯುದ್ಧದ ಕಥೆಗೂ ಕಿವಿ ಕೊಡುತ್ತಾರೆ. ಆಗ ಕೇಳು: ಸೋತವರು ಕಲ್ಲು ನಿಲ್ಲಿಸಿದ್ದರೆ ಏನು ಬರೆಸುತ್ತಿದ್ದರು?

ಫಲಿತಾಂಶದ ಒತ್ತಡ ನಿನ್ನ ಮೇಲೂ ಬರುತ್ತದೆ. ಹತ್ತನೆಯದರಲ್ಲಿ ಬರವಣಿಗೆಯ ಪರೀಕ್ಷೆಗೆ 80 ಅಂಕ, ಶಾಲೆಯೇ ಕೊಡುವ ಆಂತರಿಕಕ್ಕೆ 20. ಡಿಸೆಂಬರ್ ಹೊತ್ತಿಗೆ ಪಾಸಿಂಗ್ ಪ್ಯಾಕೇಜ್ ಎಂದು ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರಗಳ ಕಟ್ಟನ್ನು ಕೈಗೆ ಕೊಡುತ್ತಾರೆ. ಅದನ್ನು ಬೇಡ ಎನ್ನಬೇಡ, ಹತ್ತನೆಯದು ಪಾಸಾಗುವುದು ಬಡವರ ಮನೆಯಲ್ಲಿ ಸಣ್ಣ ವಿಷಯವಲ್ಲ. ಆದರೆ ಜೂನ್‌ನಿಂದ ನವೆಂಬರ್‌ವರೆಗೆ ಹಿಂದಿನ ವರ್ಷದ ಪ್ಯಾಕೇಜನ್ನು ಬೀರುವಿನಿಂದ ತೆಗೆಯಬೇಡ. ಆಂತರಿಕ ಅಂಕದ ಯೋಜನೆಗಳನ್ನು ಅಂಗಡಿಯಿಂದ ತಂದ ಚಿತ್ರದ ಹಾಳೆ ಅಂಟಿಸಿ ಮಾಡಿಸಬೇಡ. ಕೆರೆಯ ಮೀನು ಹರಾಜಿನ ಲೆಕ್ಕ, ಸಂತೆಯ ದರಪಟ್ಟಿ, ಅಜ್ಜಿಯ ಮದುವೆಯ ಕಾಲದ ಕೂಲಿ, ಇಷ್ಟು ಸಾಕು.

ನಿನ್ನ ಅಪ್ಪ ಭಾನುವಾರ ಅಲ್ಲಿಗೆ ಬರುತ್ತಾನೆ. ಅವನ ಕೈಯಲ್ಲಿ ನನ್ನ ಟ್ರಂಕಿನಲ್ಲಿದ್ದ ಭೂಪಟಗಳ ಸುರುಳಿ, ಒಂದು ಅಳತೆ ಟೇಪು, ಮತ್ತು ದೊಡ್ಡಮ್ಮ ಮಾಡಿದ ಹುರಿಹಿಟ್ಟು ಕಳಿಸುತ್ತಿದ್ದೇನೆ. ಭೂಪಟಗಳ ಅಂಚು ಹರಿದಿದೆ, ಹಿಂದಿನಿಂದ ಬಟ್ಟೆ ಅಂಟಿಸಿಕೋ. ಮೊದಲ ಶನಿವಾರ ಏರಿಯ ಮೇಲೆ ನಡೆದು, ತೂಬು ಎಷ್ಟಿವೆ, ಕೋಡಿ ಯಾವ ಕಡೆಗಿದೆ, ನೀರಗಂಟಿ ಈಗಲೂ ಇದ್ದಾನೆಯೇ ಎಂದು ಬರೆ. ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇತಿ ಆಶೀರ್ವಾದಗಳು,
ನಿನ್ನ ದೊಡ್ಡಪ್ಪ