ಸಹಿ ಹಾಕುವ ಮೊದಲು ಆ ಪ್ರತಿಜ್ಞಾಪತ್ರ ಓದಿ

ಮಾನ್ಯ ಸಂಪಾದಕರೇ,

ಅಮೆರಿಕದ ಕ್ರೈಸ್ತ ಕಾಲೇಜುಗಳ ವಿದ್ಯಾರ್ಥಿಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಬೆಳಗ್ಗೆ ಪ್ರಾರ್ಥನೆ, ರಾತ್ರಿ ಮೋಜು, ಎಲ್ಲ ಬರೀ ಕಪಟ ಅನ್ನೋ ಧಾಟಿ ಅದರದ್ದು. ಓದೋಕೇನೋ ಮಜವಾಗಿತ್ತು. ಆದರೆ ನಾನು ಕಂಡದ್ದು ಹಾಗಿರಲಿಲ್ಲ. 90ರ ದಶಕದ ಕೊನೆಯಲ್ಲಿ ಆಪ್ತ ಸಮಾಲೋಚನೆ ಓದಲು ಅಂಥದೇ ಒಂದು ಕಾಲೇಜಿಗೆ ಹೋಗಿದ್ದೆ. ಫೀಸಿಗೆ ಸಹಾಯ ಆಗಲಿ ಅಂತ ಅಲ್ಲಿನ ಹುಡುಗಿಯರ ಹಾಸ್ಟೆಲಿನಲ್ಲಿ ಮೇಲ್ವಿಚಾರಕಿ ಕೆಲಸ ಹಿಡಿದೆ. ಕಾಲೇಜಿನ ಹೆಸರು ಬೇಡ. ನಾನೂ ಚರ್ಚಿಗೆ ಹೋಗುವವಳೇ, ಹಾಗಾಗಿ ಧರ್ಮದ ಮೇಲಿನ ಸಿಟ್ಟಿಗೆ ಬರೆದದ್ದು ಅಂತ ಯಾರೂ ತಿಳಿಯಬೇಕಾಗಿಲ್ಲ.

ಮೊದಲನೆಯದಾಗಿ, ಎಲ್ಲ ಕ್ರೈಸ್ತ ಕಾಲೇಜುಗಳನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಡೋನಾ ಫ್ರೈಟಸ್ ಎಂಬ ಸಂಶೋಧಕಿ ಬೇರೆ ಬೇರೆ ಬಗೆಯ 7 ಕಾಲೇಜುಗಳ ವಿದ್ಯಾರ್ಥಿಗಳನ್ನು ಮಾತಾಡಿಸಿ 2008ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಲೈಂಗಿಕತೆಯ ವಿಷಯದಲ್ಲಿ ಕ್ಯಾಥೊಲಿಕ್ ಕಾಲೇಜಿನ ಹುಡುಗರಿಗೂ ಸರ್ಕಾರಿ ವಿಶ್ವವಿದ್ಯಾಲಯದ ಹುಡುಗರಿಗೂ ಫ್ರೈಟಸ್ ಅವರಿಗೆ ದೊಡ್ಡ ವ್ಯತ್ಯಾಸವೇ ಕಾಣಲಿಲ್ಲ. ಬೇರೆಯಾಗಿ ನಿಂತದ್ದು ಇವ್ಯಾಂಜೆಲಿಕಲ್ ಕಾಲೇಜುಗಳು, ಅಂದರೆ ಬೈಬಲ್ಲನ್ನೇ ಎಲ್ಲಕ್ಕೂ ಆಧಾರ ಅನ್ನುವ ಪ್ರೊಟೆಸ್ಟೆಂಟರ ಕಾಲೇಜುಗಳು ಮಾತ್ರ. ಅಲ್ಲಿ ನಂಬಿಕೆ ಭಾನುವಾರಕ್ಕೆ ಮುಗಿಯಲ್ಲ. ಕ್ಲಾಸು, ಊಟ, ಪ್ರೀತಿ ಎಲ್ಲದರಲ್ಲೂ ಅದು ಇರುತ್ತೆ. ಇಂಥ ಹಲವು ಕಾಲೇಜುಗಳಲ್ಲಿ ಸೇರುವಾಗಲೇ ಒಂದು ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಬೇಕು. ಮದ್ಯ ಮುಟ್ಟಲ್ಲ, ಮದುವೆಯ ಹೊರಗೆ ಲೈಂಗಿಕ ಸಂಬಂಧ ಇಟ್ಟುಕೊಳ್ಳಲ್ಲ, ಹೀಗೆ. ಇಲಿನಾಯ್‌ನ ವೀಟನ್ ಕಾಲೇಜಿನಲ್ಲಿ 2003ರವರೆಗೆ ವಿದ್ಯಾರ್ಥಿಗಳು ಕುಣಿಯುವಂತೆಯೂ ಇರಲಿಲ್ಲ. ಬಾಬ್ ಜೋನ್ಸ್ ವಿಶ್ವವಿದ್ಯಾಲಯದಲ್ಲಿ ಕರಿಯ ಹುಡುಗ ಬಿಳಿ ಹುಡುಗಿಯ ಜೊತೆ ಡೇಟಿಂಗ್ ಹೋಗಬಾರದು ಅನ್ನೋ ನಿಯಮ 2000ನೇ ಇಸವಿಯವರೆಗೂ ಇತ್ತು. ಅದಕ್ಕೂ ಬೈಬಲ್ಲನ್ನೇ ತೋರಿಸುತ್ತಿದ್ದರು!

ನಮ್ಮ ಹಾಸ್ಟೆಲಿನಲ್ಲಿ ಹುಡುಗರು ಒಳಗೆ ಬರಲು ವಾರದಲ್ಲಿ ಕೆಲವೇ ಗಂಟೆ ಅವಕಾಶ. ಆಗ ಬಾಗಿಲು ತೆರೆದಿರಬೇಕು, ಲೈಟ್ ಉರಿಯುತ್ತಿರಬೇಕು, ಇಬ್ಬರ ಕಾಲೂ ನೆಲದ ಮೇಲಿರಬೇಕು. ಕಾರಿಡಾರಿನಲ್ಲಿ ಓಡಾಡಿ ಅದನ್ನು ನೋಡಿಕೊಳ್ಳೋದು ನನ್ನ ಕೆಲಸ. ಬಾಗಿಲಿಗೆ ಶೂ ಅಡ್ಡ ಇಟ್ಟು, ಎದುರೆದುರು ಕುರ್ಚಿ ಹಾಕಿ, ಮಡಿಲಲ್ಲಿ ಬೈಬಲ್ ಇಟ್ಟುಕೊಂಡು ಗಂಟೆಗಟ್ಟಲೆ ಹರಟುವ ಜೋಡಿಗಳು. ಸುಮ್ನೆ ನಾಟಕ ಅಂತ ನಿಮ್ಮ ಲೇಖಕರು ಹೇಳಬಹುದು. ಅಲ್ಲ, ಅವರಲ್ಲಿ ಹೆಚ್ಚಿನವರು ನಿಜಕ್ಕೂ ನಂಬಿದ್ದವರು. ಎಷ್ಟೋ ಹುಡುಗಿಯರ ಬೆರಳಲ್ಲಿ ಬೆಳ್ಳಿ ಉಂಗುರ ಇರುತ್ತಿತ್ತು. 'ಟ್ರೂ ಲವ್ ವೇಟ್ಸ್' (ನಿಜವಾದ ಪ್ರೀತಿ ಕಾಯುತ್ತದೆ) ಅಂತ ಸದರ್ನ್ ಬ್ಯಾಪ್ಟಿಸ್ಟ್ ಎಂಬ ಅಮೆರಿಕದ ಪ್ರೊಟೆಸ್ಟೆಂಟ್ ಪಂಗಡದವರು 1993ರಲ್ಲಿ ಶುರು ಮಾಡಿದ ಚಳವಳಿಯ ಕಾಲ ಅದು. ಮದುವೆವರೆಗೆ ಕಾಯುತ್ತೇನೆ ಅಂತ ಹದಿಮೂರು ಹದಿನಾಲ್ಕಕ್ಕೇ ಕಾರ್ಡಿಗೆ ಸಹಿ ಹಾಕಿ ಬಂದವರು ಇವರು, ಆ ಮಾತಿನ ಗುರುತೇ ಆ ಉಂಗುರ.

ಆ ವಯಸ್ಸಿಗೆ ಅವರಿಗೆ ಸಿಕ್ಕ ಪಾಠ ಎಂಥದ್ದು ಗೊತ್ತಾ? ಒಬ್ಬಳು ನನಗೆ ಹೇಳಿದ್ದು: ಚರ್ಚಿನ ಯುವಜನರ ಕೂಟದಲ್ಲಿ ಒಂದು ತುಂಡು ಅಂಟುಪಟ್ಟಿಯನ್ನು ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ಅಂಟಿಸುತ್ತ ಹೋದರಂತೆ. ಕೊನೆಯವನ ಹೊತ್ತಿಗೆ ಅದರ ತುಂಬ ಕೂದಲು, ಕೊಳೆ. ಅಂಟೋದೇ ಇಲ್ಲ. 'ನೋಡಿ, ಹುಡುಗಿಯೂ ಹೀಗೆ' ಅಂದರಂತೆ. ಅದನ್ನು ಹೇಳುವಾಗ ಅವಳು ನಗುತ್ತಿದ್ದಳು, ಆದರೆ ಉಂಗುರ ತಿರುವುತ್ತಲೇ ಇದ್ದಳು. ಕ್ಷಮೆಯೇ ಮುಖ್ಯ ಅನ್ನುವ ಧರ್ಮದಲ್ಲಿ ಈ ಒಂದು ವಿಷಯಕ್ಕೆ ಮಾತ್ರ ಕ್ಷಮೆ ಇಲ್ಲ ಅಂತ ಮಕ್ಕಳ ತಲೆಯಲ್ಲಿ ಕೂತುಬಿಟ್ಟಿತ್ತು.

ಫಲ ಏನಾಯ್ತು? ಒಂದು, ಮದುವೆಯ ಆತುರ. ಕೊನೆಯ ವರ್ಷದ ವಸಂತ ಬರುವಷ್ಟರಲ್ಲಿ ನಿಶ್ಚಿತಾರ್ಥದ ಉಂಗುರ ಬಿದ್ದಿರಬೇಕು. 'ರಿಂಗ್ ಬೈ ಸ್ಪ್ರಿಂಗ್' ಅನ್ನೋದು ಅಲ್ಲಿ ತಮಾಷೆಯೂ ಹೌದು, ಒತ್ತಡವೂ ಹೌದು. ಎರಡು, ಪ್ರತಿಜ್ಞೆ ಮುರಿಯುವವರು ಸಿದ್ಧತೆ ಇಲ್ಲದೇ ಮುರಿಯುತ್ತಾರೆ. ಜಾನೆಟ್ ರೋಸೆನ್‌ಬಾಮ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹದಿಹರೆಯದಲ್ಲಿ ಪ್ರತಿಜ್ಞೆ ಮಾಡಿದವರಿಗೂ ಅವರಂಥದೇ ಹಿನ್ನೆಲೆಯ, ಪ್ರತಿಜ್ಞೆ ಮಾಡದವರಿಗೂ 5 ವರ್ಷದ ನಂತರ ನಡವಳಿಕೆಯಲ್ಲಿ ವ್ಯತ್ಯಾಸ ಇರಲಿಲ್ಲ. ಪ್ರತಿಜ್ಞೆ ಮಾಡಿದವರು ಕಾಂಡೋಮ್ ಬಳಸಿದ್ದು ಮಾತ್ರ ಕಡಿಮೆ. ಅವರಲ್ಲಿ 82% ಜನ ತಾವು ಪ್ರತಿಜ್ಞೆ ಮಾಡಿಯೇ ಇಲ್ಲ ಅಂದರು. ನಿಮ್ಮ ಲೇಖಕರಿಗೆ ಇದೂ ಕಪಟವಾಗಿ ಕಾಣಬಹುದು. ನನಗಂತೂ ಇದು ನಾಚಿಕೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಒಂದು ರಾತ್ರಿ ಎರಡನೇ ವರ್ಷದ ಹುಡುಗಿಯೊಬ್ಬಳು ನನ್ನ ಬಾಗಿಲು ತಟ್ಟಿದಳು. ಹೊರಗಿನ ಒಂದು ಪಾರ್ಟಿಯಲ್ಲಿ ಕುಡಿದಿದ್ದಳು, ಆಮೇಲೆ ಪರಿಚಯದ ಹುಡುಗನ ಕೋಣೆಗೆ ಹೋಗಿದ್ದಳು. ಅವಳು ಬೇಡ ಅಂದರೂ ಅವನು ಬಿಡಲಿಲ್ಲ. ಅವಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ, 'ನನ್ನ ಸ್ಕಾಲರ್‌ಶಿಪ್ ಹೋಗುತ್ತಾ?' ಅವಳ ಜೊತೆ ನಾನೇ ಹೋಗಿ ದೂರು ಕೊಡಿಸಿದೆ. ವಿಚಾರಣೆ ನಡೆಯಿತು. ಕುಡಿದದ್ದಕ್ಕೆ, ಹೊತ್ತಲ್ಲದ ಹೊತ್ತಿನಲ್ಲಿ ಹುಡುಗನ ಕೋಣೆಯಲ್ಲಿ ಇದ್ದದ್ದಕ್ಕೆ ಅವಳಿಗೆ ಶಿಕ್ಷೆ ಆಯಿತು. ಸಾಕ್ಷಿ ಇಲ್ಲ ಅಂತ ಅವನನ್ನು ಬಿಟ್ಟರು. ಅದೇ ವರ್ಷ ಅವನು ಗೌನು ತೊಟ್ಟು ಪದವಿ ತಗೊಂಡ. ಅವಳು ಕಾಲೇಜು ಬಿಟ್ಟಳು.

ಇದು ಒಂದು ಕಾಲೇಜಿನ ಕಥೆಯಾಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಯೂಟಾ ರಾಜ್ಯದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ ಮಾರ್ಮನ್ ಎಂಬ ಪಂಥದವರದ್ದು. (ಅದು ಕ್ರೈಸ್ತ ಸಂಸ್ಥೆಯೇ ಅಲ್ಲ ಅನ್ನುವ ಇವ್ಯಾಂಜೆಲಿಕಲ್‌ಗಳಿದ್ದಾರೆ, ಆ ಜಗಳ ಇಲ್ಲಿ ಬೇಡ.) ಅತ್ಯಾಚಾರದ ದೂರು ಕೊಟ್ಟವರನ್ನೇ ನಡತೆ ಸಂಹಿತೆಯಡಿ ವಿಚಾರಣೆ ಮಾಡುತ್ತಾರೆ ಅಂತ 2016ರಲ್ಲಿ ಅಲ್ಲಿನ ವಿದ್ಯಾರ್ಥಿನಿಯರು ಬಹಿರಂಗವಾಗಿ ಹೇಳಿದರು. ಗಲಾಟೆಯಾದ ಮೇಲೆ, ಹಾಗೆ ದೂರು ಕೊಡುವವರಿಗೆ ಶಿಕ್ಷೆಯಿಂದ ವಿನಾಯಿತಿ ಕೊಡಲು ವಿಶ್ವವಿದ್ಯಾಲಯ ಒಪ್ಪಿತು. ವರ್ಜೀನಿಯಾದ ಲಿಬರ್ಟಿ ವಿಶ್ವವಿದ್ಯಾಲಯಕ್ಕೆ ಅಮೆರಿಕದ ಶಿಕ್ಷಣ ಇಲಾಖೆ 2024ರ ಮಾರ್ಚ್‌ನಲ್ಲಿ 1.4 ಕೋಟಿ ಡಾಲರ್ ದಂಡ ಹಾಕಿತು. ಕ್ಯಾಂಪಸ್ಸಿನ ಅಪರಾಧಗಳನ್ನು ಸರಿಯಾಗಿ ವರದಿ ಮಾಡಲಿಲ್ಲ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರನ್ನು ಸರಿಯಾಗಿ ನಡೆಸಿಕೊಳ್ಳಲಿಲ್ಲ ಅಂತ. ಕ್ಯಾಂಪಸ್ಸಿನ ಅಪರಾಧಗಳನ್ನು ಬಹಿರಂಗಪಡಿಸಬೇಕು ಅನ್ನುವ ಕ್ಲೆರಿ ಕಾಯ್ದೆಯಡಿ ಅಷ್ಟು ದೊಡ್ಡ ದಂಡ ಅದಕ್ಕೆ ಮೊದಲು ಯಾರಿಗೂ ಬಿದ್ದಿರಲಿಲ್ಲ.

ಸಲಿಂಗಿ ವಿದ್ಯಾರ್ಥಿಗಳ ಪಾಡು ಇನ್ನೂ ಕಷ್ಟ. ಬ್ರಿಗಮ್ ಯಂಗ್ 2020ರ ಫೆಬ್ರುವರಿಯಲ್ಲಿ ನಡತೆ ಸಂಹಿತೆಯಿಂದ ಸಲಿಂಗಿ ನಡವಳಿಕೆಯನ್ನು ನಿಷೇಧಿಸುವ ಸಾಲನ್ನು ತೆಗೆಯಿತು. ಹುಡುಗ ಹುಡುಗಿಯರು ಕುಣಿದಾಡಿದರು, ಧೈರ್ಯ ಮಾಡಿ ತಮ್ಮ ಪ್ರೀತಿ ಹೇಳಿಕೊಂಡರು. ಎರಡು ವಾರಕ್ಕೇ, ಸಲಿಂಗ ಪ್ರೇಮ ಈಗಲೂ ಒಪ್ಪಿತವಲ್ಲ ಅಂತ ಪತ್ರ ಬಂತು.

ನಮ್ಮ ಎಷ್ಟೋ ತಂದೆತಾಯಿಗಳು ಸ್ಕಾಲರ್‌ಶಿಪ್ ಸಿಗುತ್ತೆ, ಶಿಸ್ತು ಇರುತ್ತೆ ಅಂತ ಮಕ್ಕಳನ್ನು ಇಂಥ ಕಾಲೇಜುಗಳಿಗೆ ಕಳಿಸುತ್ತಾರೆ. ಕಳಿಸಲಿ. ಅಲ್ಲಿ ಒಳ್ಳೆಯ ಮೇಷ್ಟ್ರುಗಳಿದ್ದಾರೆ, ಜೀವಮಾನದ ಸ್ನೇಹ ಸಿಗುತ್ತೆ, ನನಗೂ ಸಿಕ್ಕಿದೆ. ಮದುವೆವರೆಗೆ ಕಾಯುತ್ತೇನೆ ಅನ್ನೋದು ಒಬ್ಬರ ಸ್ವಂತ ತೀರ್ಮಾನವಾಗಿದ್ದರೆ ನನ್ನದೇನೂ ತಕರಾರಿಲ್ಲ, ನಾನೂ ಕಾದವಳೇ. ಆದರೆ ಅರ್ಜಿಯ ಜೊತೆ ಬರುವ ಆ ಪ್ರತಿಜ್ಞಾಪತ್ರವನ್ನು ಮಕ್ಕಳ ಜೊತೆ ಕೂತು ಓದಿ. ಪ್ರವೇಶ ಕಚೇರಿಗೆ ಒಂದು ಇಮೇಲ್ ಹಾಕಿ ಕೇಳಿ: ನನ್ನ ಮಗಳು ದೌರ್ಜನ್ಯದ ದೂರು ಕೊಟ್ಟರೆ, ಆ ಹೊತ್ತಿನಲ್ಲಿ ಅವಳು ನಿಯಮ ಮುರಿದಿದ್ದಳು ಅಂತ ಶಿಕ್ಷೆ ಕೊಡುತ್ತೀರಾ? ಆಪ್ತ ಸಮಾಲೋಚಕರ ಹತ್ತಿರ ಹೇಳಿದ್ದು ಡೀನ್ ಕಿವಿಗೆ ಹೋಗುತ್ತಾ? ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ.

ಇತಿ,
ನಿವೃತ್ತ ಆಪ್ತ ಸಮಾಲೋಚಕಿ, ನಿಮ್ಮ ಪತ್ರಿಕೆಯ ಹಳೆಯ ಓದುಗರು