ತೊಗರಿ ಬೆಳೆಯುವ ಮನೆಯಿಂದ ಮಗಳಿಗೊಂದು ಪತ್ರ

ಚಿರಂಜೀವಿ ಭಾಗ್ಯಾಗೆ ಅಪ್ಪನ ಆಶೀರ್ವಾದ.

ಜಾಗತೀಕರಣದ ಬಗ್ಗೆ ನಮ್ಮ ಕಡೆ ಜನ ಏನಂತಾರೆ, ಸೆಮಿನಾರ್‌ಗೆ ಬೇಕು ಅಂತ ನೀನು ಕೇಳಿದ್ದೆ. ಫೋನಿನಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಲಬುರಗಿ ಗಂಜ್‌ನಲ್ಲಿ, ಅಂದರೆ ಕಾಳು ಮಾರುವ ಮಾರುಕಟ್ಟೆಯಲ್ಲಿ, ಒಂದು ತಾಸು ಕೂತರೆ ಸಾಕು. ಆಫ್ರಿಕಾ ತೊಗರಿ ಮಾಲು ಎಷ್ಟು ಬಂತು, ಬರ್ಮಾ ಮಾಲು ಎಷ್ಟು ಬಂತು ಅಂತ ಅಡತಿ ದಲ್ಲಾಳಿಗಳು ಕೇಳುತ್ತಿರುತ್ತಾರೆ. ನಾಲ್ಕೆಕರೆ ಇರುವ ರೈತನೂ ಅದನ್ನೇ ಕೇಳುತ್ತಾನೆ. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದೇ ಬೆಳೆ ಅನ್ನುವ ಸರ್ಕಾರಿ ಗುರುತು ಸಿಕ್ಕಿತು, ಹೆಮ್ಮೆ ಆಯಿತು. ಆದರೆ ಅದರ ಬೆಲೆ ಹಡಗು ಬರುವುದರ ಮೇಲೂ ನಿಂತಿದೆ.

2015 ನೆನಪಿದೆಯಾ? ಬೇಳೆ ಕಿಲೋಗೆ 200 ರೂಪಾಯಿ ಆಗಿತ್ತು. ಬೆಂಗಳೂರಿನಿಂದ ನಿಮ್ಮತ್ತೆ ಫೋನ್ ಮಾಡಿ, 'ಅಣ್ಣಾ, ಊರಿಂದ ಬೇಳೆ ಕಳಿಸು, ಇಲ್ಲಿ ಕೊಳ್ಳೋಕೆ ಆಗ್ತಿಲ್ಲ' ಅಂದಿದ್ದಳು. ಹೊರಗಿಂದಾದರೂ ತರಿಸಲಿ ಅನ್ನುವುದು ಅವಳ ಆಸೆ. ತರಿಸದಿದ್ದರೆ ಸಾಕು ಅನ್ನುವುದು ನನ್ನ ಆಸೆ. ಒಂದೇ ತಾಯಿ ಮಕ್ಕಳು ನಾವು. ದೇಶ ದೇಶದ ಜನ ಬೇರೆ ಬೇರೆ ಯೋಚಿಸುತ್ತಾರೆ ಅಂತ ಬರೆಯುವ ಮೊದಲು ಇದನ್ನೂ ಬರೆ.

2016ರ ಜುಲೈನಲ್ಲಿ ನಮ್ಮ ಸರ್ಕಾರ ಮೊಜಾಂಬಿಕ್ ಜೊತೆ ಒಪ್ಪಂದ ಮಾಡಿಕೊಂಡಿತು. ಮೊದಲ ವರ್ಷ 1 ಲಕ್ಷ ಟನ್, 2020-21ರ ಹೊತ್ತಿಗೆ 2 ಲಕ್ಷ ಟನ್ ಬೇಳೆಕಾಳು ತರಿಸುವುದು, ಅದರಲ್ಲಿ ಮುಖ್ಯವಾಗಿ ತೊಗರಿ. ಅದೇ ವರ್ಷ ಇಲ್ಲಿ ಮಳೆ ಚೆನ್ನಾಗಿ ಆಯಿತು. ಹಿಂದಿನ ಬೆಲೆ ನೋಡಿದ್ದವರೆಲ್ಲ ತೊಗರಿಯನ್ನೇ ಬಿತ್ತಿದ್ದರು. ರಾಶಿ ಆಗುವಷ್ಟರಲ್ಲಿ ಬೆಲೆ ಬಿತ್ತು. ಬೆಂಬಲ ಬೆಲೆ ಕ್ವಿಂಟಲ್‌ಗೆ 5,050 ಇದ್ದರೆ ಗಂಜ್‌ನಲ್ಲಿ ಅದಕ್ಕಿಂತ ಕೆಳಗೆ ಕೇಳುತ್ತಿದ್ದರು. ಬೀಜ, ಔಷಧಿ, ಕೂಲಿ ಲೆಕ್ಕ ಹಾಕಿ ನಿಮ್ಮವ್ವ ಮಾತೇ ಆಡಲಿಲ್ಲ. 2017ರ ಆಗಸ್ಟ್‌ನಲ್ಲಿ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಅಂತ ಮಿತಿ ಹಾಕಿದರು. ನಮಗೆ ಸ್ವಲ್ಪ ಸಮಾಧಾನ ಆಯಿತು.

ಆದರೆ ಮೊಜಾಂಬಿಕ್‌ನ ನಾಂಪುಲಾ, ಜಾಂಬೇಜಿಯಾ ಕಡೆಯ ಸಣ್ಣ ರೈತರು ನಮ್ಮ ದೇಶವನ್ನೇ ನಂಬಿ ತೊಗರಿ ಬಿತ್ತಿದ್ದರು. ಅಲ್ಲಿಯ ಬೆಳೆ ಹೆಚ್ಚಾಗಿ ನಮಗೇ ಬರುವಂಥದ್ದು. ಅಲ್ಲೂ ಬೆಲೆ ಕುಸಿದುಬಿತ್ತು. ಇದನ್ನು ಓದಿದ ಮೇಲೆ ಆಫ್ರಿಕಾ ಮಾಲು ಅಂತ ಬೈಯಲು ನನಗೆ ಬಾಯಿ ಬರುವುದಿಲ್ಲ.

ನೀನು ಕಳಿಸಿದ, ಜನಾಭಿಪ್ರಾಯ ಕೇಳುವ ಅಮೆರಿಕದ ಪ್ಯೂ ಸಂಸ್ಥೆಯ 2014ರ ಸಮೀಕ್ಷೆ ನೋಡಿದೆ. 44 ದೇಶಗಳಲ್ಲಿ ಹೆಚ್ಚಿನವರು ಹೊರದೇಶದ ವ್ಯಾಪಾರ ಒಳ್ಳೆಯದೇ ಅಂದಿದ್ದಾರೆ. ಅದರಿಂದ ಕೆಲಸ ಹುಟ್ಟುತ್ತಾ ಅಂದರೆ ಅಮೆರಿಕದಲ್ಲಿ 100ಕ್ಕೆ 20 ಜನ ಮಾತ್ರ ಹೌದು ಅಂದರು. ಬಡ ದೇಶಗಳಲ್ಲೇ ನಂಬಿಕೆ ಜಾಸ್ತಿ. ಅಮೆರಿಕದಲ್ಲೂ ಎಲ್ಲರ ಮನಸ್ಸು ಒಂದೇ ಇಲ್ಲ. ಕಾರ್ಖಾನೆ ಮುಚ್ಚಿದ ಊರಿನವರು ಹೊರಗಿನ ಮಾಲು ಬೇಡ ಅಂತಾರೆ. ಅಲ್ಲಿಯ ಅಯೋವಾ ರಾಜ್ಯದ ಸೋಯಾ ರೈತರಿಗೆ ಚೀನಾದ ಬಾಗಿಲು ತೆರೆದೇ ಇರಬೇಕು. 2018ರಲ್ಲಿ ಚೀನಾ ಅವರ ಸೋಯಾಗೆ ಶೇಕಡಾ 25 ಸುಂಕ ಹಾಕಿದಾಗ ಅವರೂ ನಮ್ಮ ಹಾಗೆಯೇ ಬೆಲೆ ಬೀಳುವುದನ್ನು ನೋಡುತ್ತ ಕೂತರು.

ಬಾಂಗ್ಲಾದೇಶದ ಢಾಕಾದ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಕಥೆಯನ್ನೂ ಸೇರಿಸು. 2013ರಲ್ಲಿ ಗಾರ್ಮೆಂಟ್ಸ್ ಇದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಬೀದಿಗಿಳಿದು ಪ್ರತಿಭಟಿಸಿದವರು ಜಾಸ್ತಿ ಸಂಬಳ ಕೇಳಿದರು, ಬೀಳದ ಕಟ್ಟಡ ಕೇಳಿದರು. ಕೆಲಸ ಅವರಿಗೆ ಬೇಕಿತ್ತು. 1993ರಲ್ಲಿ ವಿಶ್ವ ವ್ಯಾಪಾರ ಒಪ್ಪಂದದ ಕರಡಾದ ಡಂಕೆಲ್ ಪ್ರಸ್ತಾವದ ವಿರುದ್ಧ ರೈತ ನಾಯಕ ಪ್ರೊ. ನಂಜುಂಡಸ್ವಾಮಿಯವರ ಜೊತೆ ಬೆಂಗಳೂರಿನಲ್ಲಿ ಸೇರಿದ ರೈತರು ಕೇಳಿದ್ದೂ ಇಂಥದ್ದೇ ಅಂತ ನನಗನಿಸುತ್ತದೆ: ನಮ್ಮ ಬೀಜ, ನಮ್ಮ ಬೆಲೆಯ ಬಗ್ಗೆ ನಮ್ಮನ್ನು ಕೇಳದೆ ತೀರ್ಮಾನ ಮಾಡಬೇಡಿ.

ನನ್ನ ಸಿಟ್ಟೂ ಅಲ್ಲೇ ಇದೆ. ನಾವು ಜೂನ್‌ನ ಮಿರಗದ (ಮೃಗಶಿರಾ) ಮಳೆ ನೋಡಿ ಬಿತ್ತುತ್ತೇವೆ. ತೊಗರಿ ಕೈಗೆ ಬರಲು ಆರು ತಿಂಗಳು ಬೇಕು. ಆ ನಡುವೆ ದೆಹಲಿಯಿಂದ ಒಂದು ಆದೇಶ ಬಂದರೆ ನಾನೇನು ಮಾಡಲಿ? ಬಿತ್ತಿದ್ದನ್ನು ವಾಪಸ್ ತೆಗೆಯೋಕಾಗುತ್ತಾ? 2021ರ ಮೇ ತಿಂಗಳಲ್ಲಿ ಆಮದು ಮುಕ್ತ ಮಾಡಿದರು. ಕೆಲವು ತಿಂಗಳಿಗೆ ಅಂದದ್ದು ಗಡುವು ಮುಗಿದಾಗಲೆಲ್ಲ ಮುಂದೆ ಹೋಗುತ್ತ ಬಂತು. ನಿಮ್ಮತ್ತೆಗೂ ಬೇಳೆ ಸಿಗಬೇಕು, ನಾನು ಒಪ್ಪುತ್ತೇನೆ. ಎಷ್ಟು ತರಿಸುತ್ತೀರಿ ಅಂತ ಬಿತ್ತನೆಗೆ ಮೊದಲೇ ಹೇಳಲಿ. 2025-26ಕ್ಕೆ ಕ್ವಿಂಟಲ್‌ಗೆ 8,000 ಬೆಂಬಲ ಬೆಲೆ ಅಂತ ಸಾರಿದ ಮೇಲೆ ಆ ಬೆಲೆಗೆ ಕೊಳ್ಳಲಿ. ಕೊಳ್ಳದೆ ಬರೀ ಸಾರಿದರೆ ನಮಗೇನು ಬಂತು?

ನಿಮ್ಮ ಕಾಲೇಜಿನಲ್ಲಿ ಆಫ್ರಿಕಾದ ಹುಡುಗರು ಓದುತ್ತಾರೆ ಅಂದಿದ್ದೆ. ಮೊಜಾಂಬಿಕ್, ಮಲಾವಿ, ತಾಂಜಾನಿಯಾ ಕಡೆಯವರು ಸಿಕ್ಕರೆ ಸಂಕೋಚ ಇಲ್ಲದೆ ಕೇಳು. ಅವರ ಊರಲ್ಲಿ ತೊಗರಿ ಯಾವಾಗ ಬಿತ್ತುತ್ತಾರೆ, ಬೆಲೆ ಯಾರು ಹೇಳುತ್ತಾರೆ, ನಮ್ಮ ದೇಶದ ಆದೇಶ ಅವರಿಗೆ ಬಿತ್ತುವ ಮೊದಲು ತಿಳಿಯುತ್ತಾ, ಆಮೇಲಾ? ಅವರು ಹೇಳಿದ್ದನ್ನು ನನಗೂ ಬರೆ, ನಮ್ಮ ರೈತರ ಸಭೆಯಲ್ಲಿ ಓದುತ್ತೇನೆ.

ಇಂತಿ,
ನಿನ್ನ ಅಪ್ಪ