ಮಗಳಿಗೊಂದು ಪತ್ರ: ಎಲ್ಲಾ ಟಿಕೆಟ್ ಈಗಲೇ ತೆಗೆಯಬೇಡ

ಅರಸೀಕೆರೆ
ಭಾನುವಾರ ಸಂಜೆ

ಪುಟ್ಟೀ,

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದು ರಾತ್ರಿಯೆಲ್ಲ ತಲೆಯಲ್ಲೇ ಓಡುತ್ತಿತ್ತು. ಡ್ರೆಸ್ಡೆನ್‌ನಿಂದ ಹೊರಟು ಪ್ರಾಗ್, ವಿಯೆನ್ನಾ, ವೆನಿಸ್, ಮಿಲಾನ್. ಆಮೇಲೆ ಆಲ್ಪ್ಸ್ ಹತ್ತಿ ಸ್ವಿಟ್ಜರ್ಲೆಂಡ್, ಅಲ್ಲಿಂದ ವಾಪಸ್. ಒಟ್ಟು ಮೂರು ವಾರ. "ಯಾವ ಊರಲ್ಲಿ ಎಷ್ಟು ದಿನ ಅಂತ ಗೊತ್ತಿಲ್ಲಮ್ಮ, ಇಷ್ಟ ಆದ ಕಡೆ ಒಂದು ದಿನ ಜಾಸ್ತಿ ಇರ್ತೀನಿ" ಅಂದೆ. ಐದು ನಿಮಿಷ ಬಿಟ್ಟು, "ಬೆಲೆ ಏರುತ್ತೆ, ಈ ವಾರಾನೇ ಎಲ್ಲಾ ಟಿಕೆಟ್ ಬುಕ್ ಮಾಡಿಬಿಡ್ತೀನಿ" ಅಂದೆ. ಈ ಎರಡು ಮಾತು ಒಟ್ಟಿಗೆ ನಡೆಯೋದಿಲ್ಲ ಮಗಳೇ. ಎಲ್ಲಾ ಟಿಕೆಟ್ ಈಗಲೇ ತೆಗೆದರೆ ನೀನು ಇಷ್ಟ ಬಂದ ಕಡೆ ನಿಲ್ಲೋದು ಹೇಗೆ?

31 ವರ್ಷ ರಿಸರ್ವೇಷನ್ ಕೌಂಟರಿನಲ್ಲಿ ಕೂತವಳು ನಾನು. ಕಿಟಕಿಯ ಆಚೆ ನಿಂತವರ ಆತುರ ನನಗೆ ಚೆನ್ನಾಗಿ ಗೊತ್ತು. ನಮ್ಮಲ್ಲಿ ಆ ಆತುರಕ್ಕೆ ಕಾರಣ ಇದೆ. 60 ದಿನ ಮೊದಲು ಬುಕಿಂಗ್ ಶುರುವಾಗುತ್ತೆ, ಹಬ್ಬದ ಸಮಯದಲ್ಲಿ ನೋಡನೋಡುತ್ತಲೇ ವೇಟಿಂಗ್ ಲಿಸ್ಟ್ ಬರುತ್ತೆ. ಹಾಗಾಗಿ ದೂರದ ಊರಿಗೆ ಹೋಗೋದು ಅಂದರೆ ನಮ್ಮ ಜನಕ್ಕೆ ಮೊದಲು ಬರ್ತ್ ಸಿಗಬೇಕು, ಮಿಕ್ಕಿದ್ದು ಆಮೇಲೆ. ನೀನು ಅದೇ ಮನೆಯಲ್ಲಿ ಬೆಳೆದವಳು. ಆ ಅಭ್ಯಾಸ ಅಲ್ಲಿಗೂ ನಿನ್ನ ಜೊತೆ ಬಂದಿದೆ.

ಕಳೆದ ಚಳಿಗಾಲದಲ್ಲಿ ಏನಾಯ್ತು ನೆನಪಿದೆಯಾ? ಯಾವುದೋ ಒಂದು ಬುಕಿಂಗ್ ಸೈಟಿನಲ್ಲಿ ನಾಲ್ಕು ಊರಿಗೆ ಅತೀ ಕಡಿಮೆ ಬೆಲೆಯ ಟಿಕೆಟ್ ತೆಗೆದಿದ್ದೆ. ಮೊದಲ ಊರಲ್ಲೇ ಜ್ವರ ಬಂತು. ಕ್ಯಾನ್ಸಲ್ ಮಾಡಿದರೆ ಒಂದು ಯೂರೋನೂ ಬರಲಿಲ್ಲ. ನೀನು ಅತ್ತಿದ್ದು ದುಡ್ಡಿಗಲ್ಲ, ಜ್ವರದಲ್ಲೂ ಮುಂದಿನ ರೈಲು ಹತ್ತಲೇಬೇಕು ಅಂತ ಹಾಸ್ಟೆಲ್ಲಿನಿಂದ ಎದ್ದು ಹೊರಟಿದ್ದಕ್ಕೆ. ಅವತ್ತಿನಿಂದ ಈ ಟಿಕೆಟ್ ನಿಯಮಗಳನ್ನ ನಾನು ಕೂತು ಓದುತ್ತಾ ಬಂದಿದ್ದೇನೆ. ನಿಯಮ ಓದೋದು ನನಗೆ ಕಷ್ಟದ ಕೆಲಸ ಅಲ್ಲ.

ಎಲ್ಲಕ್ಕಿಂತ ಮೊದಲು ಒಂದು ವಿಷಯ ಮನಸ್ಸಿಗೆ ಹಾಕಿಕೋ. ಅಲ್ಲಿ ಟಿಕೆಟ್ ಬೇರೆ, ಸೀಟು ಬೇರೆ. ನಮ್ಮಲ್ಲಿ ಸ್ಲೀಪರ್ ಟಿಕೆಟ್ ಅಂದರೆ ಬರ್ತ್ ನಂಬರ್ ಸಮೇತ. ಜರ್ಮನಿಯ ಐಸಿಇ ರೈಲಿನಲ್ಲಿ ಟಿಕೆಟ್ ಇದ್ದರೆ ಹತ್ತಬಹುದು, ಸೀಟು ಖಚಿತವಾಗಿ ಬೇಕೆಂದರೆ ಬೇರೆ ದುಡ್ಡು ಕೊಟ್ಟು ಹಿಡಿಯಬೇಕು. ಆಸ್ಟ್ರಿಯಾದ ರೈಲ್‌ಜೆಟ್‌ನಲ್ಲೂ ಹಾಗೇ. ಸ್ವಿಟ್ಜರ್ಲೆಂಡ್‌ನ ಸಾಮಾನ್ಯ ರೈಲುಗಳಲ್ಲೂ ಸೀಟು ರಿಸರ್ವ್ ಮಾಡಲೇಬೇಕು ಅಂತಿಲ್ಲ. ಆದರೆ ಇಟಲಿಯ ಫ್ರೆಚ್ಚಾರೊಸ್ಸಾ, ಫ್ರಾನ್ಸಿನ ಟಿಜಿವಿ, ಲಂಡನ್‌ಗೆ ಹೋಗುವ ಯೂರೋಸ್ಟಾರ್, ಬಹುತೇಕ ರಾತ್ರಿ ರೈಲು, ಇವಕ್ಕೆ ಸೀಟು ಅಥವಾ ಬರ್ತ್ ಮೊದಲೇ ಹಿಡಿದಿರಲೇಬೇಕು. ಕೈಯಲ್ಲಿ ಹಲವು ದೇಶಗಳ ರೈಲಿಗೆ ನಡೆಯುವ ಪಾಸ್ ಇದ್ದರೂ ಬೇಕು. ಯಾವುದನ್ನ ಈಗ ಕೊಳ್ಳಬೇಕು, ಯಾವುದನ್ನ ಬಿಡಬಹುದು ಅನ್ನೋದು ಇಲ್ಲಿಂದಲೇ ಶುರುವಾಗೋದು.

ಇನ್ನು ಪಾಸಿನ ವಿಷಯ. ನಿನ್ನ ಗೆಳತಿ ಹೇಳಿದಳು ಅಂತ ಯೂರೇಲ್ ಕೊಳ್ಳಬೇಡ. ಅದು ಯೂರೋಪಿನ ಹೊರಗೆ ವಾಸ ಇರುವವರಿಗೆ. ನಾನೂ ಅಪ್ಪನೂ ಇಲ್ಲಿಂದ ಬಂದರೆ ನಮಗೆ ಅದು. ನಿನ್ನ ಹತ್ತಿರ ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಇದೆ, ಹಾಗಾಗಿ ನಿನಗೆ ಇಂಟರ್‌ರೇಲ್. ನೋಡೋದು ನೀನು ಎಲ್ಲಿ ವಾಸ ಇದ್ದೀ ಅಂತ. ಪಾಸ್‌ಪೋರ್ಟ್ ಭಾರತದ್ದು ಅನ್ನೋದು ಅಡ್ಡ ಬರೋದಿಲ್ಲ. ಈ ಇಂಟರ್‌ರೇಲ್ ಶುರುವಾಗಿದ್ದು 1972ರಲ್ಲಿ, 21 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಮಾತ್ರ. ಈಗ ಯಾವ ವಯಸ್ಸಿನವರೂ ಕೊಳ್ಳಬಹುದು, 33 ದೇಶಗಳಲ್ಲಿ ನಡೆಯುತ್ತೆ, 27 ವರ್ಷದವರೆಗೆ ಕಡಿಮೆ ಬೆಲೆ. ನಿನಗಿನ್ನೂ 24.

ಪ್ರತಿ ದಿನ ಓಡಾಡುವ ಪಾಸ್ ನಿನಗೆ ಬೇಡ. ಒಂದು ತಿಂಗಳೊಳಗೆ ಯಾವುದಾದರೂ 5 ದಿನ ಪ್ರಯಾಣ ಮಾಡಬಹುದು ಅನ್ನೋ ಪಾಸ್ ಇದೆ. ಅದನ್ನ ತೆಗೆ. ಆ ಐದು ದಿನ ಯಾವ್ಯಾವುದು ಅಂತ ಮೊದಲೇ ಹೇಳಬೇಕಾಗಿಲ್ಲ. ಬೆಳಿಗ್ಗೆ ಎದ್ದು, ಇವತ್ತು ಹೊರಡೋಣ ಅನಿಸಿದರೆ ಮೊಬೈಲಿನ ಆಪ್‌ನಲ್ಲಿ ಆ ದಿನವನ್ನ ಗುರುತು ಹಾಕಿದರೆ ಆಯ್ತು. ರೈಲು ಹತ್ತುವ ಮುಂಚೆ ಆ ರೈಲನ್ನೂ ಪಾಸಿಗೆ ಸೇರಿಸಿರಬೇಕು. ಹತ್ತಿದ ಮೇಲೆ ಸೇರಿಸೋಣ ಅಂದುಕೊಂಡು ಟಿಟಿ ಬಂದಾಗ ಸಿಗ್ನಲ್ ಇಲ್ಲದಿದ್ದರೆ ಟಿಕೆಟ್ ಇಲ್ಲದವಳ ಲೆಕ್ಕವೇ.

ಇದನ್ನ ಬರೆಯುವಾಗ ನನಗೆ ಒಬ್ಬ ದಂಪತಿ ನೆನಪಾಗುತ್ತಾರೆ. ನೀನು ಆಗ ಮೂರನೇ ಕ್ಲಾಸು. ಇಬ್ಬರಿಗೂ ಅರವತ್ತು ದಾಟಿತ್ತು, ತೆಂಗಿನ ತೋಟದವರು. ಕೌಂಟರಿಗೆ ಬಂದು ಸರ್ಕ್ಯುಲರ್ ಜರ್ನಿ ಟಿಕೆಟ್ ಬೇಕು ಅಂದರು. ಹೊರಟ ಊರಿಗೇ ವಾಪಸ್ ಬರುವ ಒಂದೇ ಟಿಕೆಟ್ ಅದು, ದಾರಿಯಲ್ಲಿ ಎಂಟು ಕಡೆಯವರೆಗೆ ಇಳಿಯಬಹುದು. ದೂರ ಹೆಚ್ಚಾದಷ್ಟೂ ಕಿಲೋಮೀಟರಿನ ದರ ಇಳಿಯುತ್ತಾ ಹೋಗುತ್ತೆ, ಬಿಡಿ ಬಿಡಿ ಟಿಕೆಟ್‌ಗಿಂತ ಎಷ್ಟೋ ಅಗ್ಗ. ಅದನ್ನ ಕೇಳಿಕೊಂಡು ಬರುವವರು ತೀರಾ ಕಡಿಮೆ. ಅವರು ಹಾಳೆಯ ಮೇಲೆ ಬರೆದುಕೊಂಡು ಬಂದಿದ್ದರು: ಮುಂಬೈ, ದೆಹಲಿ, ಹರಿದ್ವಾರ, ಕಾಶಿ, ಹೌರಾ, ಪುರಿ, ಚೆನ್ನೈ. ನಾನು ಆ ದಾರಿಯ ಲೆಕ್ಕ ಹಾಕುತ್ತಾ ಕೂತಿದ್ದಾಗ ಆ ಅಮ್ಮ ಕಿಟಕಿಯಲ್ಲಿ ಕೈಯಿಟ್ಟು, "ನೀವೂ ಹೋಗಿದ್ದೀರಾ ಇದ್ರಲ್ಲಿ?" ಅಂತ ಕೇಳಿದರು. ಇಲ್ಲ ಅಂದೆ. ವರ್ಷ ವರ್ಷ ರೈಲ್ವೆಯಿಂದ ನನಗೆ ಪಾಸ್ ಸಿಗುತ್ತಿತ್ತು. ಅದು ಮದುವೆಗೆ, ತಿಥಿಗೆ, ಧರ್ಮಸ್ಥಳಕ್ಕೆ, ಅಜ್ಜಿಯ ಆಸ್ಪತ್ರೆಗೆ ಖರ್ಚಾಯ್ತು. ಎಲ್ಲಿ ಇಳಿಯಬೇಕು ಅಂತ ದಾರಿಯಲ್ಲಿ ತೀರ್ಮಾನ ಮಾಡಿದ ಒಂದು ಪ್ರಯಾಣವೂ ನನ್ನ ಜೀವನದಲ್ಲಿ ಇಲ್ಲ. ಹಾಗಾಗಿಯೇ ನಿನ್ನದು ಹಾಗೆ ಇರಲಿ ಅಂತ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ನಿನ್ನ ದಾರಿ ನೋಡೋಣ. ಪ್ರಾಗ್‌ಗೆ ಪಾಸಿನ ದಿನ ಸುಡಬೇಡ, ಡ್ರೆಸ್ಡೆನ್‌ನಿಂದ ಎರಡೂವರೆ ಗಂಟೆಯ ದಾರಿ ಅಷ್ಟೆ. ಬಿಡಿ ಟಿಕೆಟ್ ಸಾಕು. ಅದೇ ರೈಲಿಗೆ ಜರ್ಮನ್ ರೈಲ್ವೆಯ ಬೆಲೆ ಒಂದು, ಚೆಕ್ ರೈಲ್ವೆಯ ಬೆಲೆ ಇನ್ನೊಂದು ಇರಬಹುದು, ಎರಡೂ ಕಡೆ ನೋಡಿ ತೆಗೆ. ಎಡಗಡೆ ಕಿಟಕಿ ಹಿಡಿ, ಎಲ್ಬೆ ನದಿ ಆ ಕಡೆಗೆ ಇರುತ್ತೆ. ಪ್ರಾಗ್‌ನಿಂದ ವಿಯೆನ್ನಾಗೂ ಬಿಡಿ ಟಿಕೆಟ್ಟೇ. ನಾಲ್ಕು ಗಂಟೆ.

ಬಿಡಿ ಟಿಕೆಟ್ ತೆಗೆಯುವಾಗ ಬೆಲೆ ಜೊತೆಗೆ ಷರತ್ತನ್ನೂ ಓದು. ಜರ್ಮನಿಯಲ್ಲಿ ಸೂಪರ್ ಷ್ಪಾರ್‌ಪ್ರೈಸ್ ಅಂದರೆ ವಾಪಸ್ ಇಲ್ಲ, ಆ ಒಂದು ರೈಲಿಗೇ ಕಟ್ಟಿಹಾಕಿದ ಟಿಕೆಟ್. ಫ್ಲೆಕ್ಸ್‌ಪ್ರೈಸ್ ಆದರೆ ಅವತ್ತಿನ ಯಾವ ರೈಲಾದರೂ ಹತ್ತಬಹುದು. ಕಟ್ಟಿಹಾಕಿದ ಟಿಕೆಟ್ಟಿಗೂ ಒಂದು ಬಿಡುಗಡೆ ಇದೆ: ನೀನು ತಲುಪುವ ಊರಿಗೆ 20 ನಿಮಿಷಕ್ಕಿಂತ ಜಾಸ್ತಿ ತಡ ಆಗುತ್ತೆ ಅಂತ ಕಂಡರೆ ಬೇರೆ ರೈಲಿನಲ್ಲಿ ಹೋಗಬಹುದು. ಒಂದು ಗಂಟೆ ತಡವಾದರೆ ಟಿಕೆಟ್ಟಿನ ಕಾಲು ಭಾಗ, ಎರಡು ಗಂಟೆಯಾದರೆ ಅರ್ಧ ವಾಪಸ್ ಕೇಳಬಹುದು. ಇದು ಯೂರೋಪ್ ಒಕ್ಕೂಟದ ನಿಯಮ, ಕೇಳೋಕೆ ನಾಚಬೇಡ.

ಮಧ್ಯೆ ರೈಲು ಬದಲಿಸುವ ದಾರಿಗೆ ಎರಡು ಟಿಕೆಟ್ ತುಂಡು ಮಾಡಿ ಕೊಳ್ಳಬೇಡ. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ, ಒಂದೇ ಟಿಕೆಟ್ ಇದ್ದವಳನ್ನ ಅವರೇ ಮುಂದಕ್ಕೆ ಕಳಿಸಬೇಕು. ತುಂಡು ಟಿಕೆಟ್ ಆದರೆ ನಷ್ಟ ನಿನ್ನದಾಗಬಹುದು. ನಮ್ಮಲ್ಲೂ ಈ ತೊಂದರೆ ಇತ್ತು. 2019ರಿಂದ ಎರಡು ಪಿಎನ್‌ಆರ್ ಜೋಡಿಸುವ ವ್ಯವಸ್ಥೆ ಬಂತು. ಅದಕ್ಕೂ ಮುಂಚೆ ಎಷ್ಟು ಜನರಿಗೆ "ದುಡ್ಡು ಬರಲ್ಲ" ಅಂತ ಹೇಳಿದ್ದೇನೋ. ಆ ಮುಖಗಳು ಈಗಲೂ ಕಣ್ಣ ಮುಂದೆ ಬರುತ್ತವೆ.

ವಿಯೆನ್ನಾದಿಂದ ವೆನಿಸ್‌ಗೆ ನೈಟ್‌ಜೆಟ್ ಅನ್ನೋ ರಾತ್ರಿ ರೈಲು. ಇದೊಂದನ್ನ ಮಾತ್ರ ಈ ವಾರವೇ ಬುಕ್ ಮಾಡು. ಬೇಸಿಗೆಯಲ್ಲಿ ಬರ್ತ್ ಬೇಗ ಮುಗಿದುಹೋಗುತ್ತೆ. ದುಡ್ಡು ಉಳಿಸೋಕೆ ಕೂರುವ ಸೀಟು ಮಾತ್ರ ತೆಗೆಯಬೇಡ, ಕುಶೆಟ್ ಅಂದರೆ ಮಲಗುವ ಬರ್ತ್ ತೆಗೆ. ಹೆಂಗಸರಿಗೆ ಮಾತ್ರ ಅಂತ ಬೇರೆ ಕಂಪಾರ್ಟ್‌ಮೆಂಟ್ ಇರುತ್ತೆ, ಬುಕ್ ಮಾಡುವಾಗಲೇ ಅದನ್ನ ಆರಿಸು. ನನಗೂ ನಿದ್ದೆ ಬರುತ್ತೆ. ಇಲ್ಲಿ ಪಾಸಿನ ಒಂದು ಒಳ್ಳೆಯ ನಿಯಮ ಇದೆ. ರಾತ್ರಿ 12ಕ್ಕೆ ಮುಂಚೆ ಹತ್ತಿ, ಬೆಳಗಿನವರೆಗೆ ಅದೇ ರೈಲಿನಲ್ಲಿ ಇದ್ದರೆ ಹತ್ತಿದ ದಿನ ಒಂದೇ ಲೆಕ್ಕಕ್ಕೆ ಬರುತ್ತೆ. ಅವತ್ತೇ ಬೆಳಿಗ್ಗೆ ಸಾಲ್ಜ್‌ಬರ್ಗ್‌ಗೆ ಹೋಗಿ ಬಂದು ರಾತ್ರಿ ನೈಟ್‌ಜೆಟ್ ಹತ್ತಿದರೂ ಖರ್ಚಾಗೋದು ಒಂದೇ ದಿನ. ಹೋಗೋಕೆ ಎರಡೂವರೆ ಗಂಟೆ, ಬರೋಕೆ ಅಷ್ಟೇ.

ಇಟಲಿಯೊಳಗೆ ಏನನ್ನೂ ಮುಂಚೆ ತೆಗೆಯಬೇಡ. ಅಲ್ಲಿನ ರೆಜೊನಾಲೆ ಅನ್ನೋ ಊರೂರಿಗೆ ನಿಲ್ಲುವ ರೈಲಿಗೆ ಬೆಲೆ ಏರೋದಿಲ್ಲ, ಹೊರಡುವ ದಿನವೂ ಅದೇ ದರ, ರಿಸರ್ವೇಷನ್ ಇಲ್ಲ. ವೆನಿಸ್‌ನಿಂದ ವೆರೋನಾಗೆ, ಅಲ್ಲಿಂದ ಮಿಲಾನ್‌ಗೆ ಅದರಲ್ಲೇ ಹೋಗು. ನಿಧಾನ, ಆದರೆ ಮಧ್ಯೆ ಗಾರ್ಡಾ ಸರೋವರ ಕಂಡರೆ ಇಳಿದುಬಿಡಬಹುದು. ಕಾಗದದ ಟಿಕೆಟ್ ತೆಗೆದರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಮೆಷಿನ್ನಿನಲ್ಲಿ ಮುದ್ರೆ ಒತ್ತಿಸು. ಮರೆತರೆ ದಂಡ.

ಪಾಸಿನ ನಿಜವಾದ ಬೆಲೆ ಗೊತ್ತಾಗೋದು ಮಿಲಾನ್ ಬಿಟ್ಟ ಮೇಲೆ. ಸ್ವಿಟ್ಜರ್ಲೆಂಡ್‌ನಲ್ಲಿ ಬಿಡಿ ಟಿಕೆಟ್ ಬಹಳ ದುಬಾರಿ. ಬೆಳಿಗ್ಗೆ ಬೇಗ ಹೊರಟು, ಕೊಮೊ ಸರೋವರದ ದಡದಲ್ಲಿ ಹಾದು, ಎರಡೂವರೆ ಗಂಟೆಯಲ್ಲಿ ಸ್ವಿಸ್ ಗಡಿಯ ಹತ್ತಿರದ ತಿರಾನೋ ತಲುಪು. ಅಲ್ಲಿಂದ ಕೆಂಪು ಬಣ್ಣದ ಬೆರ್ನಿನಾ ರೈಲು. ದೊಡ್ಡ ಗಾಜಿನ ಕಿಟಕಿಯ ಬೆರ್ನಿನಾ ಎಕ್ಸ್‌ಪ್ರೆಸ್‌ಗೆ ರಿಸರ್ವೇಷನ್ ಬೇಕು, ಅದಕ್ಕೆ ಬೇರೆ ದುಡ್ಡು. ಅದೇ ಹಳಿಯ ಮೇಲೆ ಓಡುವ ಸಾಮಾನ್ಯ ರೈಲಿಗೆ ಏನೂ ಬೇಡ, ಪಾಸ್ ತೋರಿಸಿ ಹತ್ತಬಹುದು. ಅದರಲ್ಲಿ ಕಿಟಕಿ ತೆಗೆಯೋಕೂ ಆಗುತ್ತೆ.

ಆ ಹಳಿಯ ಬಗ್ಗೆ ಓದಿ ನನಗೆ ಎಷ್ಟು ಖುಷಿಯಾಯ್ತು ಗೊತ್ತಾ? ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ರೈಲು 50 ಮೀಟರ್ ಹೋದರೆ 1 ಮೀಟರ್ ಏರುತ್ತೆ. ಅದಕ್ಕೇ ಎಂಜಿನ್ ಮೇಲೆ ಎಂಜಿನ್ ಹಾಕುತ್ತಾರೆ. ಬೆರ್ನಿನಾದಲ್ಲಿ 1,000 ಮೀಟರಿಗೆ 70 ಮೀಟರ್ ಏರು! ನಮ್ಮ ಘಾಟಿಯ ಮೂರೂವರೆ ಪಟ್ಟು. ಅದೂ ಹಲ್ಲಿನ ಹಳಿ ಇಲ್ಲದೆ. ಬ್ರೂಸಿಯೋ ಹತ್ತಿರ ಕಲ್ಲಿನ ಕಮಾನಿನ ಮೇಲೆ ರೈಲು ಪೂರ್ತಿ ಒಂದು ಸುತ್ತು ಸುತ್ತಿ ತನ್ನ ದಾರಿಯ ಕೆಳಗೇ ಹಾದು ಎತ್ತರ ಹಿಡಿಯುತ್ತೆ. ಮೇಲಿನ ಸ್ಟೇಷನ್ 2,253 ಮೀಟರ್ ಎತ್ತರದಲ್ಲಿ. ಸೇಂಟ್ ಮೋರಿಟ್ಜ್‌ನಲ್ಲಿ ರೈಲು ಬದಲಿಸಿ ಕೂರ್ ಅನ್ನೋ ಊರಿನ ಕಡೆಗೆ ಹೋಗುವಾಗ 65 ಮೀಟರ್ ಎತ್ತರದ ಲಾಂಡ್‌ವಾಸರ್ ಸೇತುವೆ ಬರುತ್ತೆ. ಸೇತುವೆಯ ಒಂದು ತುದಿ ನೇರವಾಗಿ ಬೆಟ್ಟದ ಸುರಂಗಕ್ಕೇ ಸೇರಿದೆ. 2008ರಲ್ಲಿ ಈ ದಾರಿಯನ್ನ ಯುನೆಸ್ಕೋ ಪಟ್ಟಿಗೆ ಸೇರಿಸಿದ್ದಾರೆ. ಮಳೆ ಇದ್ದರೆ ಅವತ್ತು ಹೊರಡಬೇಡ. ಮಿಲಾನ್‌ನಲ್ಲೇ ಇನ್ನೊಂದು ದಿನ ಇರು. ಪಾಸ್ ಕೊಳ್ಳೋದೇ ಅದಕ್ಕೆ ಅಲ್ವಾ?

ಕೊನೆಯ ದಿನ ಜ್ಯೂರಿಕ್‌ನಿಂದ ಮನೆಗೆ. ಇಂಟರ್‌ರೇಲ್ ಪಾಸಿನಲ್ಲಿ ನೀನು ವಾಸ ಇರುವ ದೇಶದೊಳಗೆ ಎರಡೇ ದಿನ ಓಡಾಡಬಹುದು: ಹೊರಡೋಕೆ ಒಂದು, ವಾಪಸ್ ಬರೋಕೆ ಒಂದು. ಬರುವ ದಿನಕ್ಕೆ ಅದು ಸಾಕು. ಜರ್ಮನಿಯೊಳಗೆ ಬೇರೆ ಯಾವ ಊರು ಸುತ್ತಿದರೂ ನಿನ್ನ ಡಾಯ್ಚ್‌ಲ್ಯಾಂಡ್‌ಟಿಕೆಟ್ ಬಳಸು. ಐಸಿಇ ಬಿಟ್ಟು ಊರಿಂದೂರಿಗೆ ಹೋಗುವ ಸಣ್ಣ ರೈಲುಗಳಲ್ಲಿ ಅದು ನಡೆಯುತ್ತೆ.

ನಾನು ಲೆಕ್ಕ ಹಾಕಿದಂತೆ ನಾಲ್ಕು ದಿನ ಖರ್ಚಾಗುತ್ತೆ: ವೆನಿಸ್‌ಗೆ ಹೋಗುವ ದಿನ, ಬೆರ್ನಿನಾ, ಸ್ವಿಟ್ಜರ್ಲೆಂಡ್‌ನೊಳಗೆ ಒಂದು, ಮನೆಗೆ ಒಂದು. ಐದನೆಯದನ್ನ ಖಾಲಿ ಬಿಟ್ಟಿದ್ದೇನೆ. ಅದರ ಮುಂದೆ ಏನೂ ಬರೆಯಬೇಡ.

ಇನ್ನೊಂದು ವಿಷಯ, ಇದು ನಮ್ಮವರಿಗೇ ಇರುವ ತೊಂದರೆ. ಪಾಸಿನ ಮೇಲಿನ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೇ ಇರಬೇಕು. ನಿನ್ನ ಶಾಲೆಯ ದಾಖಲೆಯಲ್ಲಿ ಇನಿಷಿಯಲ್ ಮುಂದೆ ಇದೆ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದಿದೆ, ಯೂನಿವರ್ಸಿಟಿ ಕಾರ್ಡಿನಲ್ಲಿ ಮತ್ತೊಂದು ಥರ. ರೈಲಿನಲ್ಲಿ ಪಾಸ್ ನೋಡುವವರು ಪಾಸ್‌ಪೋರ್ಟನ್ನೂ ಕೇಳಬಹುದು. ಗಡಿ ದಾಟುವಾಗ ಪೊಲೀಸರೂ ಹತ್ತಿ ನೋಡುತ್ತಾರೆ. ರೆಸಿಡೆನ್ಸ್ ಪರ್ಮಿಟ್ ಕಾರ್ಡೂ ಜೊತೆಗೆ ಇರಲಿ, ಬ್ಯಾಗಿನ ತಳದಲ್ಲಿ ಅಲ್ಲ, ಕೈಗೆ ಸಿಗುವ ಕಡೆ.

ಅಪ್ಪ ನಿನ್ನ ಹಳೆಯ ಸ್ಕೂಲ್ ಅಟ್ಲಾಸ್ ತೆಗೆದು ತಿರಾನೋ ಹುಡುಕುತ್ತಾ ಕೂತಿದ್ದಾರೆ. ಆ ಪುಟದಲ್ಲಿ ಅಷ್ಟು ಸಣ್ಣ ಊರು ಹಾಕಿಲ್ಲ. ಇರಬೇಕಾದ ಜಾಗದಲ್ಲಿ ಪೆನ್ಸಿಲ್ಲಿನಿಂದ ಒಂದು ಚುಕ್ಕೆ ಇಟ್ಟಿದ್ದಾರೆ.

ಬುಧವಾರ ರಾತ್ರಿ ಫೋನ್ ಮಾಡು. ಪಾಸ್‌ಪೋರ್ಟ್ ಎದುರಿಗೆ ಇಟ್ಟುಕೊಂಡಿರು. ಹೆಸರನ್ನ ಒಂದೊಂದೇ ಅಕ್ಷರ ಓದಿ ಹೇಳು, ನಾನು ಕೇಳಿಸಿಕೊಂಡು ಸರಿ ಅಂದ ಮೇಲೆ ದುಡ್ಡು ಕಟ್ಟು.

ನಿನ್ನ
ಅಮ್ಮ